ನಾಲ್ಕು ಪೆಟ್ಟಿಗೆ, ಒಂದೇ ಎಂಜಿನ್ನು

ಮುಹರಕ್ಕಿನ ಆ ಮನೆಯಲ್ಲಿ ಎಸಿ ಕೆಮ್ಮುತ್ತಿತ್ತು.
ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ
ನಾಲ್ಕು ಪೆಟ್ಟಿಗೆ ಸಾಲಾಗಿಟ್ಟು
ಉಮ್ ರಾಶಿದ್ ತನ್ನ ಹಳೇ ಮುಂಬೈ ಹಿಂದಿಯಲ್ಲಿ ಕೇಳಿದಳು:
‘ಗಡಿಯಾರದವನೇ, ಒಂದೇ ಎಂಜಿನ್ನನ್ನು ನಾಲ್ಕು ಸಲ ಕೊಂಡವನಿಗೆ
ನಿಮ್ಮ ಭಾಷೆಯಲ್ಲಿ ಏನಂತೀರಿ?’

ಏನಂತೀವೋ ಅದನ್ನು ಹೇಳಲಿಲ್ಲ.
ತೀರಿಕೊಂಡವರ ವಿಷಯ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ.

ಒಂದೇ ಅಲ್ಲ ಅಮ್ಮ.
ಇದು ಮೊದಲ ಬಿಡುಗಡೆ. ಅಂಗೈಗೆ ಇಟ್ಟರೆ ಅಂಗೈ ಇಳಿಯುತ್ತದೆ.
ಬಾಯ್ಲರಿನ ಮೈತುಂಬ ರಿವೆಟ್ಟು,
ಗಸಗಸೆಗಿಂತ ಸಣ್ಣವು, ಒಂದೊಂದೂ ಸೆಟೆದು ನಿಂತಿದೆ.
ನಂಬರ್ ಪ್ಲೇಟಿನಲ್ಲಿ ಎರಡು ಇರಬೇಕಾದಲ್ಲಿ ಏಳು,
ಕಾರ್ಖಾನೆಯವರ ಕಣ್ತಪ್ಪು.
ಆ ತಪ್ಪಿಗೇ ನಾನೂರು ದಿನಾರು.

ಎರಡನೆಯದು ಆರು ವರ್ಷ ಬಿಟ್ಟು ಬಂದದ್ದು.
ನಂಬರು ತಿದ್ದಿದರು, ಅಷ್ಟರಲ್ಲಿ ಅಚ್ಚು ಸವೆದಿತ್ತು.
ರಿವೆಟ್ಟುಗಳು ಒರೆಸಿದ ಪಾಟಿಯ ಮೇಲಿನ ಬಳಪ.
ಹಸಿರು ಕೂಡ ಬೇರೆ: ಅದು ಬೇವು, ಇದು ಆಸ್ಪತ್ರೆ ಗೋಡೆ.
ಸರಿಯಾದದ್ದಕ್ಕೆ ನೂರಿಪ್ಪತ್ತು.

ಮೂರನೆಯದು ಪ್ಲಾಸ್ಟಿಕ್ಕು. ಆದರೆ ಕೂಗುತ್ತದೆ.
ಅವಳು ಗುಂಡಿ ಒತ್ತಿಯೇಬಿಟ್ಟಳು.
ಅಡುಗೆಮನೆಯಿಂದ ಕೆಲಸದ ಹುಡುಗಿ ಇಣುಕಿ
ಒಲೆ ನೋಡಲು ವಾಪಸು ಹೋದಳು.
ನಮ್ಮಪ್ಪ ಮೌಲಾಸಾಬ, ಹುಬ್ಬಳ್ಳಿ ಲೋಕೋ ಶೆಡ್ಡಿನ ಫೈರ್‌ಮನ್ನು;
ಅವನ ಗಾಡಿ ಕೂಗಿದರೆ ಮೂರು ಓಣಿಯ ನಾಯಿಗಳು
ಎದ್ದು ಜವಾಬು ಕೊಡುತ್ತಿದ್ದವು.
ಇದು ಕುಕ್ಕರು. ಅರವತ್ತು ಬಂದರೆ ದೊಡ್ಡದು.

ಕ್ಯಾಬಿನ್ನಿನೊಳಗೂ ನೋಡಬೇಕು.
ಮೊದಲನೆಯದರಲ್ಲಿ ಒಬ್ಬ ಫೈರ್‌ಮನ್, ಸಲಿಕೆ ಹಿಡಿದು ಬಗ್ಗಿದ್ದಾನೆ.
ಎರಡನೆಯದರಲ್ಲಿ ಆಳೇ ಇಲ್ಲ, ಖರ್ಚು ಉಳಿಸಿದ್ದಾರೆ.
ಮೂರರಲ್ಲಿ ಮರಳಿ ಬಂದಿದ್ದಾನೆ, ಬಿಳೀ ಅಂಗಿ ತೊಟ್ಟು
ನಿಕಾಹಿಗೆ ಹೊರಟವನ ಹಾಗೆ.

ನಾಲ್ಕನೆಯ ಪೆಟ್ಟಿಗೆಗೆ ಮುಚ್ಚಳವಿರಲಿಲ್ಲ.
ಮತ್ತೆ ಮೊದಲ ಬಿಡುಗಡೆ. ಅದೇ ಭಾರ, ಅದೇ ತಪ್ಪು ಏಳು.
ಆದರೆ ಟೆಂಡರಿನಲ್ಲಿ ಕರೀ ರಾಶಿ, ಅಂಟು ಹಾಕಿ ಕೂರಿಸಿದ್ದು.
ಆಳಿನ ಅಂಗಿಗೂ, ಕುತ್ತಿಗೆಗೂ ಮಸಿ.
ಕೈಯಾಡಿಸಿದ ಮಾಲು, ಅಂದೆ. ಇದಕ್ಕೆ ಗಿರಾಕಿ ಇಲ್ಲ.

‘ಖರ್ಜೂರದ ಬೀಜ ಅದು.
ನನ್ನ ಗಹ್ವಾ ಹುರಿಯುವ ಬಾಣಲೆಯಲ್ಲಿ ಸುಟ್ಟರು,
ನನ್ನದೇ ಕುಟ್ಟಾಣಿಯಲ್ಲಿ ಕುಟ್ಟಿದರು.
ಮೂರು ದಿನ ಗಹ್ವಾ ಕಮಟು.
ಮೂರು ದಿನ ನಾನು ಮಾತು ಬಿಟ್ಟೆ.
ಹದಿನೇಳರಲ್ಲಿ ಮುತ್ತಿನ ಲೆಕ್ಕ ಕಲಿಯಲು ಮುಂಬೈಗೆ ಹೋಗಿದ್ದರಲ್ಲ,
ರೈಲಿನ ಕಿಟಕಿಗೆ ಮುಖ ಕೊಟ್ಟು ಕೂತು
ಎಡಗಣ್ಣಿಗೆ ಕಿಡಿ ಬಿದ್ದಿತ್ತಂತೆ.
ಈ ದ್ವೀಪದಲ್ಲಿ ಯಾರ ಕಣ್ಣಿಗೂ ಬೀಳದ ಕಿಡಿ
ಅಂತ ಜಂಬ, ಕೊನೆಯವರೆಗೂ.’

ಮತ್ತೆ ಕನ್ನಡಿ ಹಾಕಿಕೊಂಡೆ.
ಮುಷ್ಟಿಯಷ್ಟು ಒಡಿ, ಅಪ್ಪ ಹೇಳುತ್ತಿದ್ದ,
ದೊಡ್ಡ ಹೆಂಟೆ ಬೆಂಕಿಯನ್ನು ಕೊಲ್ಲುತ್ತದೆ,
ಪುಡಿ ಚಿಮಣಿಯಲ್ಲಿ ಹಾರಿ ಹೋಗುತ್ತದೆ.
ಎಂಬತ್ತೇಳರಲ್ಲಿ ಒಂದು ಪಾಲಿನ ಆ ಆಳಿನ ಮುಷ್ಟಿ ಅಳೆದೆ.
ಒಂದೊಂದು ಕಾಳು ಅಳೆದೆ.
ಜರಡಿ ಹಿಡಿದಿದ್ದಾನೆ ಪುಣ್ಯಾತ್ಮ.

‘ತೊಳೆದರೆ?’ ಅಂದಳು, ಆಚೆ ನೋಡುತ್ತ.
‘ತೊಳೆದರೆ ಇದಕ್ಕೂ ನಾನೂರು ಬರುತ್ತದಾ?
ಅಂಟು ಬಿಡುತ್ತದಾ?’

ಮನೆಯ ಮೇಲೆಯೇ ವಿಮಾನವೊಂದು ಇಳಿಯಿತು,
ಗಾಜಿನ ಲೋಟಗಳು ಸಣ್ಣಗೆ ನಡುಗಿದವು.
ಅದು ದಾಟುವವರೆಗೆ ನನಗೆ ಸಮಯವಿತ್ತು.
ಥಿನ್ನರು, ಹಳೇ ಟೂತ್‌ಬ್ರಶ್ಶು, ಒಂದು ಗಂಟೆಯ ಕೆಲಸ.

ಬಿಡುವುದಿಲ್ಲ, ಅಂದೆ.

ಮೂರಕ್ಕೆ ಚೀಟಿ ಬರೆದೆ. ಗಹ್ವಾ ಕುಡಿದೆ, ಕಮಟಿರಲಿಲ್ಲ.
ಮಾರಿಸಿಕೊಟ್ಟರೆ ನೂರಕ್ಕೆ ಐದು ನನ್ನ ಪಾಲು.
ಆ ನಾನೂರರಲ್ಲಿ ಇಪ್ಪತ್ತು ಹೋಯಿತೆಂದು
ಹೆಂಡತಿಗೆ ಇನ್ನೂ ಹೇಳಿಲ್ಲ.